ಜನವರಿಯ ಸಹಿ, ಡಿಸೆಂಬರಿನ ತೀರ್ಪು: 1961ರಲ್ಲಿ ನಮ್ಮ ಭೂಮಿಯ ಕಥೆ

ಒಂದು ಭೂಕಾಯಿದೆಯು ವರ್ಷದ ಮೊದಲ ತಿಂಗಳಲ್ಲಿ ಹುಟ್ಟಿ, ಅದೇ ವರ್ಷದ ಕೊನೆಯ ತಿಂಗಳಲ್ಲಿ ಒಂದು ಸೀಮೆಯ ಮಟ್ಟಿಗೆ ಇಲ್ಲವಾದ ಪ್ರಸಂಗವು ಕೇರಳ ರಾಜ್ಯದ ಇತಿಹಾಸದಲ್ಲಿ ಒಂದುಂಟು. ಆ ವರ್ಷ 1961. ಆ ಸೀಮೆ ಬೇರೆ ಯಾವುದೂ ಅಲ್ಲ, ನಮ್ಮ ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳೇ. ಇಂದು ನಮ್ಮ ರೈತ ಬಾಂಧವರ ಮನೆಯ ಪೆಟ್ಟಿಗೆಯಲ್ಲಿರುವ ಪಟ್ಟೆ, ಗೇಣಿಚೀಟಿ, ಕ್ರಯ ಸರ್ಟಿಫಿಕೇಟುಗಳ ಹಿಂದೆ ಆ ಹನ್ನೆರಡು ತಿಂಗಳುಗಳ ನಡಾವಳಿ ಅಡಗಿದೆ. ಯಾರ ಭೂಮಿ ಯಾರದ್ದಾಯಿತು, ಏಕೆ ತಡವಾಯಿತು, ಅಡಿಕೆ ತೋಟಕ್ಕೂ ಚಹಾ ತೋಟಕ್ಕೂ ಕಾನೂನಿನ ಕಣ್ಣಿನಲ್ಲಿ ಭೇದವೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದವರು ಆ ವರ್ಷವನ್ನು ತಿಳಿಯುವುದು ಅವಶ್ಯ.

ಮಸೂದೆ ಬಂದ ದಾರಿ

1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಬಂತು. ಬಳಿಕ ಅದರ ತೆಂಕಣ ಭಾಗವನ್ನು ಬೇರ್ಪಡಿಸಿ ಹೊಸದುರ್ಗ ತಾಲ್ಲೂಕನ್ನು ಮಾಡಿದರು. ಎರಡೂ ಆಗ ಕಣ್ಣಾನೂರು ಜಿಲ್ಲೆಯಲ್ಲಿದ್ದವು. ಪ್ರತ್ಯೇಕ ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ.

1957ರ ಚುನಾವಣೆಯಲ್ಲಿ ಗೆದ್ದು ಏಪ್ರಿಲ್ 5ರಂದು ಅಧಿಕಾರ ವಹಿಸಿಕೊಂಡ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರು ನಮ್ಮ ಕಡೆಯ ನೀಲೇಶ್ವರ ಕ್ಷೇತ್ರದಿಂದಲೇ ಆರಿಸಿ ಬಂದವರು. ಅಧಿಕಾರಕ್ಕೆ ಬಂದ ಆರನೆಯ ದಿನವೇ, ಏಪ್ರಿಲ್ 11ರಂದು, ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆಯನ್ನು ಅವರ ಸರಕಾರ ಹೊರಡಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಂದಾಯ ಮಂತ್ರಿ ಶ್ರೀಮತಿ ಕೆ.ಆರ್. ಗೌರಿಯವರು ಕೃಷಿ ಸಂಬಂಧಗಳ ಮಸೂದೆಯನ್ನು ಶಾಸನ ಸಭೆಯ ಮುಂದಿಟ್ಟರು. 1959ನೆಯ ಜೂನ್ 10ರಂದು ಅದಕ್ಕೆ ಸಭೆಯ ಒಪ್ಪಿಗೆ ಸಿಕ್ಕಿತು. ಆದರೆ ರಾಷ್ಟ್ರಾಧ್ಯಕ್ಷರ ಅಂಕಿತ ಬೀಳುವ ಮೊದಲೇ, ಜುಲೈ 31ರಂದು, ಸರಕಾರವನ್ನು ವಜಾ ಮಾಡಿ ಸಭೆಯನ್ನು ವಿಸರ್ಜಿಸಲಾಯಿತು.

1960ರ ಫೆಬ್ರವರಿಯಲ್ಲಿ ಮರುಚುನಾವಣೆ ನಡೆದು ಪಟ್ಟಂ ತಾಣು ಪಿಳ್ಳೆಯವರ ಸಂಯುಕ್ತ ಮಂತ್ರಿಮಂಡಲ ಬಂತು. ಮಂಜೇಶ್ವರದಿಂದ ಶ್ರೀ ಕಳ್ಳಿಗೆ ಮಹಾಬಲ ಭಂಡಾರಿಯವರು ಈ ಸಭೆಗೆ ಆರಿಸಿ ಬಂದಿದ್ದರು. ಮಸೂದೆ ಏನಾಗುವುದೋ ಎಂಬ ಆತಂಕ ಒಕ್ಕಲುಗಳಲ್ಲಿತ್ತು. ಕಾಸರಗೋಡಿನ ಲೋಕಸಭಾ ಸದಸ್ಯರಾಗಿದ್ದ ಎ.ಕೆ. ಗೋಪಾಲನ್ನರು ಆ ವರ್ಷ ಕಾಸರಗೋಡಿನಿಂದ ತಿರುವನಂತಪುರದವರೆಗೆ ರೈತರ ಜಾಥಾ ನಡೆಸಿದರು. ಜುಲೈ 27ರಂದು ರಾಷ್ಟ್ರಾಧ್ಯಕ್ಷರು ಕೆಲವು ತಿದ್ದುಪಡಿಗಳನ್ನು ಸೂಚಿಸಿ ಮಸೂದೆಯನ್ನು ಹಿಂದಕ್ಕೆ ಕಳುಹಿದರು. ಹೊಸ ಸಭೆಯು ಅಕ್ಟೋಬರ್ 15ರಂದು ತಿದ್ದಿದ ಮಸೂದೆಯನ್ನು ಅಂಗೀಕರಿಸಿತು. 1961ನೆಯ ಜನವರಿ 21ರಂದು ರಾಷ್ಟ್ರಾಧ್ಯಕ್ಷರ ಅಂಕಿತ ದೊರೆತು ಅದು 1961ರ 4ನೆಯ ಕಾಯಿದೆಯಾಯಿತು.

ಹೀಗೆ ಒಂದು ಸರಕಾರ ನೆಟ್ಟ ಸಸಿಗೆ ಇನ್ನೊಂದು ಸರಕಾರ ನೀರೆರೆಯಬೇಕಾಯಿತು. ಕೊಂಬೆಗಳನ್ನು ಕೊಂಚ ಕತ್ತರಿಸಿದರೂ ಬುಡ ಅದೇ ಆಗಿತ್ತು.

ಕಾಯಿದೆಯಲ್ಲಿ ಏನಿತ್ತು?

ಕಾಯಿದೆಯ ಸಾರವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಮೊದಲನೆಯದು, ಗೇಣಿಗೆ ಬೇಸಾಯ ಮಾಡುವವನನ್ನು ಧಣಿಯು ಮನಬಂದಂತೆ ಎಬ್ಬಿಸಕೂಡದು. ಸ್ವಂತ ಬೇಸಾಯಕ್ಕೆಂದು ಭೂಮಿಯನ್ನು ಹಿಂದಕ್ಕೆ ಪಡೆಯುವುದಾದರೆ ಅದಕ್ಕೂ ಮಿತಿಯುಂಟು. ಎರಡನೆಯದು, ಗೇಣಿಯು ಕಾಯಿದೆಯು ನಿಶ್ಚಯಿಸಿದ ನ್ಯಾಯವಾದ ಗೇಣಿಯಾಗಿರತಕ್ಕದ್ದು. ಮೂರನೆಯದು, ಒಕ್ಕಲು ತಾನು ಉಳುವ ಭೂಮಿಯ ಮೇಲೆ ಧಣಿಗಿರುವ ಹಕ್ಕನ್ನು ಕ್ರಯಕ್ಕೆ ಪಡೆದು ತಾನೇ ಒಡೆಯನಾಗಬಹುದು. ನಾಲ್ಕನೆಯದು, ಒಬ್ಬನು ಅಥವಾ ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಭೂಮಿಗೆ ಗರಿಷ್ಠ ಮಿತಿ.

ಆ ಮಿತಿ ಎಷ್ಟೆಂದರೆ: ಐದು ಜನಕ್ಕೆ ಮೀರದ ಕುಟುಂಬಕ್ಕೆ ಎರಡು ಬೆಳೆ ಬರುವ ಗದ್ದೆ 15 ಎಕರೆ, ಅಥವಾ ಅದಕ್ಕೆ ಸಮನಾದ ಬೇರೆ ಭೂಮಿ. ಐದಕ್ಕಿಂತ ಹೆಚ್ಚಿನ ಪ್ರತಿ ತಲೆಗೆ ಒಂದೊಂದು ಎಕರೆ ಸೇರುತ್ತ ಒಟ್ಟು 25 ಎಕರೆ ಮೀರಬಾರದು. ಮದುವೆಯಾಗದ ವಯಸ್ಕನಿಗೆ ಏಳೂವರೆ ಎಕರೆ. ಕುಟುಂಬವೆಂದರೆ ಗಂಡ, ಹೆಂಡತಿ ಹಾಗೂ ಮದುವೆಯಾಗದ ಅಪ್ರಾಪ್ತ ಮಕ್ಕಳು ಎಂದು ಕಾಯಿದೆಯು ಅರ್ಥ ಹೇಳಿತ್ತು.

ನಮ್ಮಲ್ಲಿ ಮೂಲಗೇಣಿಯವನು ಹೆಚ್ಚುಕಡಿಮೆ ಒಡೆಯನಂತೆಯೇ ಬಾಳುತ್ತಿದ್ದನು. ಆದರೆ ಚಾಲಗೇಣಿಯವನ ಪಾಡು ಬೇರೆ. ಮುಂದಿನ ವರ್ಷದ ಏಣಿಲು ಬೇಸಾಯಕ್ಕೆ ತಾನೇ ನೇಗಿಲು ಹೂಡುವೆನೋ ಇಲ್ಲವೋ ಎಂಬ ನಿಶ್ಚಯ ಅವನಿಗಿರಲಿಲ್ಲ. ವಾಯಿದೆಗೇಣಿಯವನಿಗೆ ಅವಧಿ ಮುಗಿಯುವ ಭಯ. ತನ್ನದಲ್ಲದ ನೆಲದಲ್ಲಿ ತೆಂಗಿನ ಸಸಿ ನೆಡಲು ಯಾರ ಕೈ ಮುಂದಾದೀತು? ಏಳೆಂಟು ವರ್ಷ ಕಾದ ಮೇಲೆ ಫಲ ಕೊಡುವ ಮರಕ್ಕೆ ನೀರೆರೆಯುವವನಿಗೆ ಎಂಟು ವರ್ಷಗಳ ಭರವಸೆಯಾದರೂ ಬೇಡವೆ? 1961ರ ಕಾಯಿದೆ ಅಂಥವರಿಗೆ ಆಸೆ ಹುಟ್ಟಿಸಿತು. ಒಕ್ಕಲುಗಳ ಈ ಸಂಕಟ ಹೊಸತಲ್ಲ. 1941ರಲ್ಲಿ ಇದೇ ಸೀಮೆಯ ಕಯ್ಯೂರಿನಲ್ಲಿ ನಡೆದ ರೈತರ ಹೋರಾಟ, 1943ರ ಮಾರ್ಚಿನಲ್ಲಿ ಕಣ್ಣಾನೂರು ಸೆರೆಮನೆಯಲ್ಲಿ ನಾಲ್ವರು ತರುಣರಿಗಾದ ಗಲ್ಲು, ಇವುಗಳನ್ನು ನಿರಂಜನರ ‘ಚಿರಸ್ಮರಣೆ’ ಕಾದಂಬರಿಯ ಮೂಲಕ ಕನ್ನಡ ನಾಡೆಲ್ಲ ಅರಿತಿದೆ.

ಕಂದಾಯದ ಇನ್ನೊಂದು ಕಾಯಿದೆ

ಅದೇ ವರ್ಷ ಕಂದಾಯದ ವಿಷಯದಲ್ಲೂ ಹೊಸ ಕಾಯಿದೆ ಬಂತು. ಅದಕ್ಕೆ ಹಿಂದೆ, 1957ರ ತಿದ್ದುಪಡಿಯಂತೆ, ರಾಜ್ಯದಾದ್ಯಂತ ಸೆಂಟಿಗೆ ಎರಡು ನಯಾಪೈಸೆ, ಎಂದರೆ ಎಕರೆಗೆ ಎರಡು ರೂಪಾಯಿ, ಒಂದೇ ದರದ ತೆರಿಗೆ ಇತ್ತು. ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯುವ ಬಯಲು ಗದ್ದೆಗೂ ಅದೇ, ಹುಲ್ಲು ಕೂಡ ಸರಿಯಾಗಿ ಹುಟ್ಟದ ಕಲ್ಲುಗುಡ್ಡಕ್ಕೂ ಅದೇ. ಮಲಬಾರಿನ ಕಾಡುಭೂಮಿಯ ಒಡೆಯರು ಇದನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿಗೆ ಹೋದರು. 1960ನೆಯ ಡಿಸೆಂಬರ್ 9ರಂದು ಕೋರ್ಟು, ಫಸಲನ್ನು ನೋಡದೆ ಎಲ್ಲಕ್ಕೂ ಒಂದೇ ತೆರಿಗೆ ಹೇರುವುದು ಸಮಾನತೆಯಲ್ಲ, ಅಸಮಾನತೆಯೇ ಎಂದು ಹೇಳಿ ಆ ತೆರಿಗೆಯನ್ನು ಅಸಿಂಧುಗೊಳಿಸಿತು. ಅದರ ಸ್ಥಾನದಲ್ಲಿ 1961ರ 13ನೆಯ ಕಾಯಿದೆಯಾಗಿ ಕೇರಳ ಭೂಕಂದಾಯ ಕಾಯಿದೆ ಬಂತು. ಬೆಟ್ಟು, ಮಜಲು, ಬಯಲು ಎಂದು ಭೂಮಿಯನ್ನು ವಿಂಗಡಿಸಿ ನೋಡುವ ನಮ್ಮ ರೈತನಿಗೆ ಕೋರ್ಟಿನ ಈ ಮಾತು ಹೊಸದೇನಲ್ಲ.

ಆ ವರ್ಷ ರಾಜ್ಯದ ಮೂಡಣ ಗಡಿಯಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಇಡುಕ್ಕಿ ಯೋಜನೆಗಾಗಿ ಅಯ್ಯಪ್ಪನ್‌ಕೋವಿಲಿನಿಂದ ಎಬ್ಬಿಸಿದ ರೈತ ಕುಟುಂಬಗಳನ್ನು ಕುಮಿಳಿ ಬಳಿಯ ಅಮರಾವತಿಯಲ್ಲಿ ಮಳೆಗಾಲದ ಹೊಸ್ತಿಲಲ್ಲಿ ತಂದು ಬಿಟ್ಟರು. ಅವರ ಪರವಾಗಿ ಎ.ಕೆ. ಗೋಪಾಲನ್ನರು 1961ರ ಜೂನಿನಲ್ಲಿ ಉಪವಾಸ ಕೈಗೊಂಡರು. ಒಂದೆಡೆ ಒಕ್ಕಲೆಬ್ಬಿಸಬಾರದೆಂಬ ಕಾಯಿದೆ, ಇನ್ನೊಂದೆಡೆ ಸರಕಾರವೇ ಎಬ್ಬಿಸುವ ಪ್ರಸಂಗ: ಎರಡೂ ಒಂದೇ ವರ್ಷದ ಮಾತು.

ನಮ್ಮ ಎರಡು ತಾಲ್ಲೂಕುಗಳು ಬೇರೆಯಾದದ್ದು ಏಕೆ?

ಕೃಷಿ ಸಂಬಂಧಗಳ ಕಾಯಿದೆ ಜಾರಿಗೆ ಬರುತ್ತಲೇ ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳ ಕೆಲವು ದೊಡ್ಡ ಪಟ್ಟೇದಾರರು ನೇರವಾಗಿ ಸುಪ್ರೀಮ್ ಕೋರ್ಟಿಗೆ ಅರ್ಜಿ ಹಾಕಿದರು. ಅವರ ಭೂಮಿಯಲ್ಲಿ ಅಡಿಕೆ ಮತ್ತು ಕರಿಮೆಣಸಿನ ತೋಟಗಳಿದ್ದವು.

ಅವರ ವಾದ ಹೀಗಿತ್ತು. ರಾಜ್ಯಾಂಗಕ್ಕೆ 1951ರಲ್ಲಿ ಸೇರಿಸಿದ 31ಎ ಎಂಬ ಅನುಚ್ಛೇದವು, ‘ಎಸ್ಟೇಟು’ ಎನಿಸುವ ಭೂಮಿಯ ಹಕ್ಕುಗಳನ್ನು ತೆಗೆದುಕೊಳ್ಳುವ ಕಾಯಿದೆಗಳಿಗೆ ರಕ್ಷಣೆ ಕೊಡುತ್ತದೆ. ಅಂಥ ಕಾಯಿದೆಯನ್ನು ಸಮಾನತೆಯ ಹಕ್ಕು, ಆಸ್ತಿಯ ಹಕ್ಕುಗಳ ಆಧಾರದ ಮೇಲೆ ಕೋರ್ಟಿನಲ್ಲಿ ಹೊಡೆದುಹಾಕಲು ಬರುವುದಿಲ್ಲ. ಆದರೆ ನಮ್ಮ ಭೂಮಿ ಎಸ್ಟೇಟಲ್ಲ. ಅದು ರೈತವಾರಿ.

ರೈತವಾರಿ ಎಂದರೇನೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ನಡುವೆ ಜಮೀನ್ದಾರನಿಲ್ಲದೆ ವರ್ಗದಾರನು ನೇರವಾಗಿ ಸರಕಾರಕ್ಕೆ ತೀರ್ವೆ ಕಟ್ಟುವ ಪದ್ಧತಿ ಅದು. ಮದರಾಸು ಸೀಮೆಯ 1908ರ ಎಸ್ಟೇಟು ಭೂಮಿ ಕಾಯಿದೆಯಲ್ಲಿ ‘ಎಸ್ಟೇಟು’ ಎಂಬ ಪದಕ್ಕೆ ಜಮೀನ್ದಾರಿ, ಇನಾಮು ಮುಂತಾದವುಗಳ ನಿರ್ದಿಷ್ಟ ಅರ್ಥವಿತ್ತು. ರೈತವಾರಿ ಪಟ್ಟೆ ಅದರೊಳಗೆ ಬರುತ್ತಿರಲಿಲ್ಲ. ಕೇರಳಕ್ಕೆ ಸೇರಿದ ಮೇಲೂ ಈ ಭೂಮಿಯ ಜಾತಕ ಮದರಾಸಿನದೇ ಆಗಿ ಉಳಿದಿತ್ತು. ಗಡಿಯ ಕಲ್ಲನ್ನು ಒಂದು ದಿನದಲ್ಲಿ ಎತ್ತಿ ಇಡಬಹುದು. ಭೂಮಿಯ ದಸ್ತಾವೇಜುಗಳ ಬೇರು ಅಷ್ಟು ಬೇಗ ಕೀಳುವುದಿಲ್ಲ.

ಡಿಸೆಂಬರ್ 5ರ ತೀರ್ಪು

1961ನೆಯ ಡಿಸೆಂಬರ್ 5ರಂದು ತೀರ್ಪು ಹೊರಬಿತ್ತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ.ಎನ್. ವಾಂಚೂ.

ಹಳೆಯ ಸಭೆ ವಿಸರ್ಜನೆಯಾದಾಗ ಮಸೂದೆಯೂ ಸತ್ತುಹೋಯಿತೆಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಸಭೆಯ ಅಂಗೀಕಾರ ಪಡೆದು ಅಂಕಿತಕ್ಕಾಗಿ ಕಾದಿರುವ ಮಸೂದೆಯು ಸಭೆಯೊಡನೆ ಸಾಯುವುದಿಲ್ಲವೆಂದು ಹೇಳಿತು. ಆದರೆ ಮುಖ್ಯವಾದ ವಾದವನ್ನು ಒಪ್ಪಿತು. ದಕ್ಷಿಣ ಕನ್ನಡದಿಂದ ಬಂದ ರೈತವಾರಿ ಭೂಮಿ ಎಸ್ಟೇಟಲ್ಲ. ಆದ್ದರಿಂದ 31ಎಯ ಕೊಡೆ ಈ ಕಾಯಿದೆಯ ಮೇಲಿಲ್ಲ. ಕೊಡೆ ಇಲ್ಲದ ಮೇಲೆ ಮಳೆ ತಪ್ಪೀತೆ? ಕೋರ್ಟು ಕಾಯಿದೆಯ ಕಲಮುಗಳನ್ನು ಸಮಾನತೆಯ ತಕ್ಕಡಿಯಲ್ಲಿ ತೂಗಿ ಮೂರು ದೋಷಗಳನ್ನು ಎತ್ತಿತು.

ಒಂದು, ಕುಟುಂಬದ ವ್ಯಾಖ್ಯೆ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಎಂಬ ಕುಟುಂಬವು ಕೃತಕವಾದದ್ದು. ಅದು ಹಿಂದೂ ಅವಿಭಕ್ತ ಕುಟುಂಬಕ್ಕೂ ಹೊಂದುವುದಿಲ್ಲ, ಅಳಿಯಸಂತಾನ, ಮರುಮಕ್ಕತ್ತಾಯಗಳಿಗೂ ಹೊಂದುವುದಿಲ್ಲ. ಒಂದು ಉದಾಹರಣೆ ನೋಡೋಣ. ಅಕ್ಕಪಕ್ಕದ ಎರಡು ಮನೆಗಳಲ್ಲಿ ತಂದೆ, ತಾಯಿ, ಮೂವರು ಮದುವೆಯಾಗದ ಗಂಡುಮಕ್ಕಳು ಇದ್ದಾರೆನ್ನಿ. ಎರಡೂ ಮನೆಗಳಲ್ಲಿ ಮಕ್ಕಳಿಗೆ ಭೂಮಿಯಲ್ಲಿ ಪಾಲುಂಟು. ಮೊದಲ ಮನೆಯ ಮಕ್ಕಳು ಅಪ್ರಾಪ್ತರು. ಅವರಿಗೆ ಒಟ್ಟು 15 ಎಕರೆ. ಎರಡನೆಯ ಮನೆಯ ಮಕ್ಕಳು ವಯಸ್ಕರು. ತಂದೆತಾಯಿಗೆ 15, ಮಕ್ಕಳಿಗೆ ತಲಾ ಏಳೂವರೆ, ಒಟ್ಟು ಮೂವತ್ತೇಳೂವರೆ ಎಕರೆ. ಉಣ್ಣುವ ಬಾಯಿ ಐದೇ, ಮಿತಿ ಮಾತ್ರ ಎರಡೂವರೆ ಪಾಲು.

ಎರಡು, ಪರಿಹಾರದ ಲೆಕ್ಕ. ಪರಿಹಾರದ ಮೊತ್ತ ಹೆಚ್ಚಿದಷ್ಟೂ ಮೆಟ್ಟಲು ಮೆಟ್ಟಲಾಗಿ ಕಡಿತವೂ ಹೆಚ್ಚುವಂತೆ ಕಾಯಿದೆಯಲ್ಲಿತ್ತು. ಒಂದೇ ಬಗೆಯ ಭೂಮಿಗೆ ಒಬ್ಬನಿಗೊಂದು ದರ, ಇನ್ನೊಬ್ಬನಿಗೊಂದು ದರವೆಂಬುದನ್ನು ಕೋರ್ಟು ಒಪ್ಪಲಿಲ್ಲ.

ಮೂರನೆಯದೇ ನಮ್ಮ ತೋಟದ ರೈತರಿಗೆ ಮುಖ್ಯವಾದದ್ದು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಮಿತಿಯಿಂದ ವಿನಾಯಿತಿ ಇತ್ತು. ಅಡಿಕೆ ಮತ್ತು ಕರಿಮೆಣಸಿಗೆ ಆ ಸೌಲಭ್ಯವಿರಲಿಲ್ಲ. ವರ್ಷಗಟ್ಟಲೆ ಕಾದು ಬೆಳೆಸಬೇಕಾದ, ಹೆಚ್ಚು ಬಂಡವಾಳ ಬೇಡುವ, ತುಂಡು ಮಾಡಿದರೆ ಕೆಡುವ ಬೆಳೆಗಳೆಂಬ ಕಾರಣಕ್ಕೆ ಚಹಾ ತೋಟವನ್ನು ಬಿಟ್ಟರೆ, ಅದೇ ಕಾರಣ ಅಡಿಕೆಗೂ ಒಳ್ಳೆಮೆಣಸಿಗೂ ಏಕೆ ಅನ್ವಯಿಸದು? ಭೇದಕ್ಕೆ ತಕ್ಕ ಆಧಾರವಿಲ್ಲವೆಂದು ಕೋರ್ಟು ಹೇಳಿತು. ಗುಡ್ಡವನ್ನು ಅಗೆದು ತಟ್ಟು ಮಾಡಿ, ಸುರಂಗ ತೋಡಿ ನೀರು ತಂದು, ಕಣಿ ತೆಗೆದು, ಸೊಪ್ಪು ಗೊಬ್ಬರ ಹಾಕಿ ಅಡಿಕೆ ಮರವೆಬ್ಬಿಸುವ ಶ್ರಮವನ್ನು ಬಲ್ಲವರಿಗೆ ಈ ಮಾತು ಹಿತವೆನಿಸಿದ್ದರೆ ಆಶ್ಚರ್ಯವಿಲ್ಲ.

ಕೊನೆಗೆ, ಮದರಾಸು ರಾಜ್ಯದಿಂದ ಕೇರಳಕ್ಕೆ ಬಂದ ರೈತವಾರಿ ಭೂಮಿಗಳ ಮಟ್ಟಿಗೆ ಕಾಯಿದೆ ಅಸಿಂಧುವೆಂದು ತೀರ್ಪಾಯಿತು. ಅದೇ ದಿನ ಕೊಚ್ಚಿ ಸೀಮೆಯ ಭೂಮಿಯ ಇನ್ನೊಂದು ಮೊಕದ್ದಮೆಯಲ್ಲಿ, ಅಲ್ಲಿಯ ಭೂಮಿ ಎಸ್ಟೇಟೇ ಹೌದೆಂದು ಹೇಳಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಒಂದೇ ರಾಜ್ಯ, ಒಂದೇ ಕಾಯಿದೆ, ಒಂದೇ ದಿನ. ಭೂಮಿಯ ಜಾತಕ ಬೇರೆಯಾದುದರಿಂದ ಫಲವೂ ಬೇರೆ.

ಗೆದ್ದವರಾರು, ಸೋತವರಾರು?

ಈ ತೀರ್ಪನ್ನು ಒಂದೇ ಕಣ್ಣಿನಿಂದ ನೋಡಬಾರದು. ಪಟ್ಟೇದಾರನಿಗೆ ಭೂಮಿ ಉಳಿಯಿತು. ಅಡಿಕೆ ಬೆಳೆಗೆ ಚಹಾದ ಸಮಾನವಾದ ಮರ್ಯಾದೆ ಸಿಕ್ಕಿತು. ಆದರೆ ಅದೇ ಪಟ್ಟೇದಾರನ ಬಯಲಿನಲ್ಲಿ ಚಾಲಗೇಣಿಗೆ ದುಡಿಯುತ್ತಿದ್ದವನಿಗೆ, ಜನವರಿಯಲ್ಲಿ ಬಂದ ಹಕ್ಕು ಡಿಸೆಂಬರಿನಲ್ಲಿ ಕೈಜಾರಿತು. ಧಣಿಯ ಹಿತ್ತಿಲ ಮೂಲೆಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೂಲಿಯವನಿಗೂ ಅದೇ ಗತಿ. ಇಂಥವನನ್ನು ಕೇರಳದ ಕಾಯಿದೆಗಳು ‘ಕುಡಿಕಿಡಪ್ಪುಕಾರ’ ಎಂದು ಕರೆಯುತ್ತವೆ.

ಒಂದೇ ಊರಿನ ಎರಡು ಮನೆಗಳಲ್ಲಿ ಒಂದರಲ್ಲಿ ಸಮಾಧಾನ, ಇನ್ನೊಂದರಲ್ಲಿ ಅಳಲು. ಇಬ್ಬರೂ ನಮ್ಮವರೇ, ಇಬ್ಬರೂ ಬೇಸಾಯವನ್ನೇ ನಂಬಿದವರು. ಕಾನೂನಿನ ದೋಷವು ಕೋರ್ಟಿನಲ್ಲಿ ಬಯಲಾದಾಗ, ಆ ದೋಷಕ್ಕೆ ಬೆಲೆ ತೆರುವವನು ಸಾಮಾನ್ಯವಾಗಿ ಬಡವನೇ ಎಂಬುದನ್ನು ಈ ಪ್ರಕರಣ ತೋರಿಸಿತು. ರೈತವಾರಿ ಭೂಮಿಯ ಗೇಣಿದಾರರನ್ನೂ ಕುಡಿಕಿಡಪ್ಪುಕಾರರನ್ನೂ ಸದ್ಯಕ್ಕಾದರೂ ಉಳಿಸಲು ಸರಕಾರವು 1962ರಲ್ಲಿ ಪ್ರತ್ಯೇಕ ರಕ್ಷಣಾ ಕಾಯಿದೆಯನ್ನು ತರಬೇಕಾಯಿತು.

ಮುಂದೆ ನಡೆದುದು

ತೀರ್ಪಿನ ಪರಿಣಾಮ ದೆಹಲಿಯವರೆಗೆ ಮುಟ್ಟಿತು. 1964ನೆಯ ಜೂನ್ 20ರಂದು ರಾಜ್ಯಾಂಗದ 17ನೆಯ ತಿದ್ದುಪಡಿ ಬಂದು, ರೈತವಾರಿ ಭೂಮಿಯೂ ‘ಎಸ್ಟೇಟು’ ಎಂಬ ಪದದೊಳಗೆ ಸೇರಿತು. ಆದರೆ ಮಿತಿಯೊಳಗಿನ, ಸ್ವಂತ ಬೇಸಾಯದ ಭೂಮಿಯನ್ನು ಸರಕಾರ ತೆಗೆದುಕೊಂಡರೆ ಮಾರುಕಟ್ಟೆಯ ಬೆಲೆಗೆ ಕಡಿಮೆಯಿಲ್ಲದ ಪರಿಹಾರ ಕೊಡತಕ್ಕದ್ದೆಂಬ ಮಾತನ್ನೂ ಅದರಲ್ಲಿ ಸೇರಿಸಿದರು. ಚಿಕ್ಕ ರೈತರು ನೆನಪಿಡಬೇಕಾದ ಮಾತಿದು.

ಕೇರಳದ ಹೊಸ ಭೂಸುಧಾರಣಾ ಕಾಯಿದೆಯು 1964ರ 1ನೆಯ ಕಾಯಿದೆಯಾಗಿ ಬಂತು. 1969ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಗಿ, 1970ನೆಯ ಜನವರಿ 1ರಿಂದ ಗೇಣಿಯ ಪದ್ಧತಿಯೇ ರದ್ದಾಯಿತು. ಧಣಿಯ ಹಕ್ಕು ಸರಕಾರಕ್ಕೆ ಸೇರಿ, ಅಲ್ಲಿಂದ ಒಕ್ಕಲಿಗೆ ಕ್ರಯಕ್ಕೆ ದೊರೆಯುವ ಏರ್ಪಾಡಾಯಿತು. ಪಂಚಾಯತು ಪ್ರದೇಶದ ಕುಡಿಕಿಡಪ್ಪುಕಾರನಿಗೆ 10 ಸೆಂಟ್ಸು ಕೊಳ್ಳುವ ಹಕ್ಕು ಬಂತು. ಗಡಿಯಾಚೆಯ ದಕ್ಷಿಣ ಕನ್ನಡದಲ್ಲಿ ಇದೇ ಕೆಲಸ 1974ನೆಯ ಮಾರ್ಚ್ 1ರ ತಿದ್ದುಪಡಿಯಿಂದ ಆಯಿತು. 1961ರಲ್ಲಿ ತಪ್ಪಿದ ಹಕ್ಕು ನಮ್ಮ ಒಕ್ಕಲಿಗೆ ಮರಳಿ ಬರಲು ಎಂಟು ವರ್ಷ ಹಿಡಿದರೂ, ಆಚೆಯವರಿಗಿಂತ ನಾಲ್ಕು ವರ್ಷ ಮುಂಚೆಯೇ ಬಂತು.

ಅಡಿಕೆಯ ಗೆಲುವು ಮಾತ್ರ ನಿಲ್ಲಲಿಲ್ಲ. ಇಂದಿನ ಕಾಯಿದೆಯು ಮಿತಿಯಿಂದ ಬಿಟ್ಟಿರುವ ‘ಪ್ಲಾಂಟೇಶನ್’ ಪಟ್ಟಿಯಲ್ಲಿ ಚಹಾ, ಕಾಫಿ, ಕೋಕೋ, ರಬ್ಬರ್, ಏಲಕ್ಕಿ, ದಾಲ್ಚಿನ್ನಿಗಳಿವೆ; ಅಡಿಕೆ ಇಲ್ಲ, ಕರಿಮೆಣಸಿಲ್ಲ. ಕೋರ್ಟು ಎತ್ತಿದ ಪ್ರಶ್ನೆಗೆ ಉತ್ತರ ಕೊಡುವ ಬದಲು, ಆ ಪ್ರಶ್ನೆಯನ್ನು ಕೇಳಲು ಬಾರದಂತೆ ರಾಜ್ಯಾಂಗದ ಬೇಲಿ ಹಾಕಿದಂತಾಯಿತು.

ಆ ಬೇಲಿಯನ್ನು ಮತ್ತೆ ಪ್ರಶ್ನಿಸಿದವರೂ ಇದೇ ಮಣ್ಣಿನವರು. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಗಾಗಿ 1970ರ ಮಾರ್ಚಿನಲ್ಲಿ ಸುಪ್ರೀಮ್ ಕೋರ್ಟಿಗೆ ಹೋದರು. 1973ನೆಯ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠವು, ಏಳು ಜನರ ಬಹುಮತದಿಂದ, ಪಾರ್ಲಿಮೆಂಟು ರಾಜ್ಯಾಂಗವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸಕೂಡದು ಎಂದು ತೀರ್ಪಿತ್ತಿತು. ಕೇರಳದ ಭೂಕಾಯಿದೆ ಉಳಿಯಿತು. ದೇಶಕ್ಕೆ ಒಂದು ದೊಡ್ಡ ಸೂತ್ರ ಸಿಕ್ಕಿತು. ಅಡಿಕೆ ತೋಟದ ಅರ್ಜಿಗಳಿಂದ ಎಡನೀರಿನ ಅರ್ಜಿಯವರೆಗೆ, ದೇಶದ ರಾಜ್ಯಾಂಗದ ಪಾಠವನ್ನು ಬರೆಸಿದ್ದರಲ್ಲಿ ಕಾಸರಗೋಡು ಸೀಮೆಯ ಪಾಲು ಸಣ್ಣದಲ್ಲ.

ರೈತರು ಗಮನಿಸಬೇಕಾದುದು

ಈ ಕಥೆಯಿಂದ ನಮಗಾಗುವ ಪ್ರಯೋಜನವೇನು?

ಮೊದಲನೆಯದಾಗಿ, ನಿಮ್ಮ ಭೂಮಿಯ ಮೂಲ ದಸ್ತಾವೇಜುಗಳನ್ನು ಎಸೆಯಬೇಡಿರಿ. ಅಜ್ಜನ ಕಾಲದ ಮೂಲಗೇಣಿ ಚೀಟಿ, ವರ್ಗದ ಪಟ್ಟೆ, ತೀರ್ವೆ ಕಟ್ಟಿದ ರಶೀದಿ ಇವೆಲ್ಲ ಹಳೆಯ ಕಾಗದವೆಂದು ತೋರಬಹುದು. 1961ರ ಮೊಕದ್ದಮೆಯು ನಿಂತದ್ದೇ ಭೂಮಿಯ ಹಳೆಯ ಜಾತಕದ ಮೇಲೆ.

ಎರಡನೆಯದಾಗಿ, ಗೇಣಿಯ ಹಕ್ಕಿನಿಂದ ಬಂದ ಭೂಮಿಯಾದರೆ ಲ್ಯಾಂಡ್ ಟ್ರಿಬ್ಯೂನಲ್ಲಿನ ಕ್ರಯ ಸರ್ಟಿಫಿಕೇಟು ಮನೆಯಲ್ಲಿದೆಯೇ, ಅದರಲ್ಲಿರುವ ಸರ್ವೆ ನಂಬ್ರವೂ ವಿಸ್ತೀರ್ಣವೂ ಈಗ ತೆರಿಗೆ ಕಟ್ಟುವ ಭೂಮಿಗೆ ಸರಿಹೊಂದುತ್ತವೆಯೇ ಎಂದು ನೋಡಿಕೊಳ್ಳಿರಿ. ಪಾಲುಪಟ್ಟಿ ಮಾಡುವ ಮೊದಲೇ ಇದನ್ನು ನೋಡುವುದು ಒಳ್ಳೆಯದು.

ಮೂರನೆಯದಾಗಿ, ಭಾಷೆ ಬಾರದೆಂದು ಕಚೇರಿಯ ಮೆಟ್ಟಲಿನಿಂದ ಹಿಂದಿರುಗಬೇಡಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ, ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರು ಸರಕಾರದೊಡನೆಯೂ ಸ್ಥಳೀಯ ಕಚೇರಿಗಳೊಡನೆಯೂ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದು. ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಬಳಸದ ಹಕ್ಕು ಉಳದ ಗದ್ದೆಯಂತೆ, ಬೇಗ ಕಳೆ ಹತ್ತುತ್ತದೆ.

ನಾಲ್ಕನೆಯದಾಗಿ, ಭೂಮಿಯ ಬಗ್ಗೆ ಹೊಸ ಮಸೂದೆ ಬಂದಾಗ ಅದರ ಹೆಸರನ್ನಷ್ಟೇ ಕೇಳಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅದರಲ್ಲಿ ಕುಟುಂಬವೆಂದರೆ ಯಾರು, ತೋಟವೆಂದರೆ ಯಾವುದು ಎಂಬ ವ್ಯಾಖ್ಯೆಯ ಕಲಮುಗಳನ್ನು ತಿಳಿದವರಿಂದ ಓದಿಸಿ ಕೇಳಿರಿ. 1961ರಲ್ಲಿ ಕಾಯಿದೆ ಮುಗ್ಗರಿಸಿದ್ದು ಅದರ ಉದ್ದೇಶದಲ್ಲಲ್ಲ, ವ್ಯಾಖ್ಯೆಗಳಲ್ಲಿ ಮತ್ತು ಲೆಕ್ಕಗಳಲ್ಲಿ. ಬೀಜ ಒಳ್ಳೆಯದಿದ್ದರೆ ಸಾಲದು, ಮಡಿಯೂ ಹದವಾಗಿರಬೇಕೆಂಬುದು ಬೇಸಾಯಗಾರನಿಗೆ ಗೊತ್ತಿರುವ ಮಾತೇ. ಕಾಯಿದೆ ಮಾಡುವವರಿಗೂ ಅದು ಸಲ್ಲುತ್ತದೆ.